ಅಜ್ಜಿ ರೋಮ್ ನೋಡಿದ್ದು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಈಗಲೂ ರೋಮ್ ನೆನಪಾಗುತ್ತದೆ.

ಊರಿಂದ ಬಂದಿದ್ದ ಅಜ್ಜಿಗೆ ವೀಸಾ ಸಿಗದೆ, ಅಪ್ಪ, ಅಮ್ಮ, ನಾನು ಮಾತ್ರ ರೋಮಿಗೆ ಹೋಗಿಬಂದೆವು. ಬರ್ ದುಬೈಯ ಫ್ಲ್ಯಾಟಿಗೆ ಮರಳಿದ ಮಧ್ಯಾಹ್ನ ಅಜ್ಜಿ ಏನೊಂದೂ ಕೇಳಲಿಲ್ಲ. ಸುಮ್ಮನಿರುವ ಜಾತಿಯೇ ನಾನು? ಅಲ್ಲಿನ ಗೈಡಿನಂತೆ ಕೊಡೆ ಎತ್ತಿ, ಮೂಗಿನಲ್ಲಿ ಕೂಗಿದೆ.

"ಯಲ್ಲಾ, ಬನ್ನಿ ಬನ್ನಿ ಅಜ್ಜಿ, ಗುಂಪು ಬಿಡಬೇಡಿ! ಇದು ಪುರಾತನ ಫ್ರಿಜ್, ಮುಟ್ಟಬಾರದು. ಸೋಫಾದ ಮೇಲೆ ಮಲಗಿದ್ದು ಅಪ್ಪ, ಪೂರಾ ಅಮೃತಶಿಲೆ. ಗೊರಕೆ ಎರಡು ಸಾವಿರ ವರ್ಷ ಹಳೆಯದು."

"ನಿಲ್ಲು ಮಾರಾಯ," ಎಂದು ಅಜ್ಜಿ ಒಳಗೆ ನಡೆದಳು. ಸಿಟ್ಟು ಬಂತೆಂದುಕೊಂಡೆ. ರೋಮಿಗೆಂದೇ ಕೊಂಡು ಪೆಟ್ಟಿಗೆಯಲ್ಲಿ ನುಸಿಗುಳಿಗೆಗಳ ನಡುವೆ ಉಳಿದಿದ್ದ ಸ್ವೆಟರ್ ಹಾಕಿ, ತಲೆಗೆ ಸೆರಗು ಹೊದ್ದು ಬಂದಳು.

"ಎಸಿ ಜಾಸ್ತಿ ಮಾಡು. ಅಲ್ಲಿ ಚಳಿ ಉಂಟಲ್ಲ? ಇನ್ನು ಆ ಪೋಪರ ಇಗರ್ಜಿ ತೋರಿಸು."

ಹದಿನಾರಕ್ಕಿಳಿಸಿದೆ. ಚಳಿಗೆ ಎಚ್ಚೆತ್ತ ಅಪ್ಪ ಬಯ್ಯಲು ಬಾಯಿ ತೆರೆದವನು, ಆ ಸ್ವೆಟರ್ ನೋಡಿ, ಮತ್ತೆ ಅಮೃತಶಿಲೆಯಾದ.