ಮೇಷ್ಟ್ರ ಮೊಳ

"ಒನ್ ಮೊಳ, ಮೇಡಮ್!" ಎನ್ನುತ್ತ ಶಂಕರನಾರಾಯಣ ಮೇಷ್ಟ್ರು ಕಟ್ಟಿದ ಕನಕಾಂಬರವನ್ನು ಮೊಣಕೈಗೆ ಹಿಡಿದು ಅಳೆದು ಕತ್ತರಿ ಎತ್ತಿದರು. ಏಳನೇ ಕ್ಲಾಸು ಇವತ್ತು ಹೂವಿನಂಗಡಿ. ಮಾರುವವರು ಅವರು, ಕೊಳ್ಳುವವಳು ಗೌತಮಿ, ವ್ಯಾಪಾರವೆಲ್ಲ ಇಂಗ್ಲಿಷಿನಲ್ಲಿ.

ಇಪ್ಪತ್ತು ವರ್ಷ ಅವರು ಹೇಳಿಸಿದ ವ್ಯಾಕರಣದ ಸೂತ್ರಗಳನ್ನು ಕೇಳಿ ಕೇಳಿ ಬನ್ನೂರಿನ ಕಾಗೆಗಳು ಕೂಡ ತಪ್ಪಿಲ್ಲದೆ ಕೂಗುತ್ತಿದ್ದವು. ಗೌತಮಿ ಮಾತ್ರ ಇಂಗ್ಲಿಷಿನಲ್ಲಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಇವತ್ತೂ ಬಿಡದಿದ್ದರೆ ಈ ಅಂಗಡಿಯಾಟ ಸಾಕು, ಮತ್ತೆ ಸೂತ್ರಗಳೇ ಗತಿ ಎಂದು ಮೇಷ್ಟ್ರು ತೀರ್ಮಾನಿಸಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಮಂಚಮ್ಮನ ಮಗಳಾದ ಗೌತಮಿ ಮೇಷ್ಟ್ರ ಕೈಯನ್ನೇ ದಿಟ್ಟಿಸುತ್ತಿದ್ದಳು. ಮೊಳ ಎಂದರೆ ನಡುಬೆರಳಿನ ತುದಿಯವರೆಗೆ ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಬೆರಳು ಮಡಚಿ ಮುಷ್ಟಿಗೇ ಮುಗಿಸಿದ್ದರು.

"ನೋ, ಸಾ! ಯು ಆರ್ ಚೀಟಿಂಗ್! ಮೈ ಮದರ್ ಗಿವ್ಸ್ ಮೋರ್!"

"ಮೇಷ್ಟ್ರಿಗೇ ಬಯ್ತಾವ್ಳೆ ಕಣ್ಲಾ!" ಎಂದು ಹಿಂದಿನ ಬೆಂಚಿನಿಂದ ಮಹೇಂದ್ರ ಕಿರುಚಿದ.

ಮೇಷ್ಟ್ರಿಗೆ ಬೆಂಚು ಹತ್ತಿ ಕುಣಿಯಬೇಕೆನಿಸಿತು. ಆದರೂ ಮುಖ ಗಂಟಿಕ್ಕಿಕೊಂಡೇ, "ಸಾರಿ, ಮೇಡಮ್" ಎಂದರು.

"ನೋ ಸಾರಿ." ಗೌತಮಿ ತನ್ನ ಪುಟ್ಟ ಕೈ ಚಾಚಿ, ಐದೂ ಬೆರಳು ಬಿಡಿಸಿ ತೋರಿಸಿದಳು. "ಮೆಷರ್ ಅಗೇನ್."