ಟೋಬಿನ್: ಅದೃಷ್ಟವೋ, ಅಸಲಿಯೋ?

"ಅದೃಷ್ಟ ಕಣೋ ಇದು, ಬರೀ ಅದೃಷ್ಟ!"

ರಾಬರ್ಟಾ ಕ್ವಿಗ್ಲಿ ಮೇಜು ಗುದ್ದಿದ ರಭಸಕ್ಕೆ ಸಾಲ್ಸಾ ಚಟ್ನಿಯ ಬಟ್ಟಲು ಹಾರಿ ಲ್ಯಾಪ್‌ಟಾಪಿನ ಮೇಲೆ ಮಗುಚಿತು.

"ಅಯ್ಯೋ ಪುಣ್ಯಾತ್ಗಿತ್ತಿ!" ವರ್ನ್ ಹ್ಯಾಸ್ಕೆಲ್ ಅಂಗಿಯ ತೋಳಿನಿಂದಲೇ ಕೀಲಿಮಣೆ ಒರೆಸಿದ. ರಾಬರ್ಟಾ ಬೇಸ್‌ಬಾಲ್ ತಂಡದ ಮ್ಯಾನೇಜರ್, ವರ್ನ್ ಅವಳ ಅಂಕಿಅಂಶದ ಪಂಡಿತ. ಬೆಳಗಿನಿಂದ ಇಬ್ಬರ ಜಗಳವೂ ಟೋಬಿನ್ ಎಂಬ ಒಬ್ಬ ಬ್ಯಾಟರ್ ಬಗ್ಗೆಯೇ.

ಮಾರ್ಚ್‌ವರೆಗೂ ಟೂಸಾನ್ ಮೈದಾನಕ್ಕೆ ಟೋಬಿನ್ ಬ್ಯಾಟ್ ಹಿಡಿದು ಬಂದರೆ ಜನ ಬುರ್ರಿಟೊ ತಿಂಡಿ ತರಲು ಎದ್ದು ಹೋಗುತ್ತಿದ್ದರು. ಏಪ್ರಿಲ್‌ನಿಂದ ಅದೇ ಜನ ಎದ್ದು ನಿಂತು ಕೇಕೆ ಹಾಕುತ್ತಿದ್ದಾರೆ. ಏನು ಹೊಡೆತ, ಏನು ಕಥೆ!

ಮಧ್ಯಾಹ್ನ ಹೊಸ ಋತುವಿಗೆ ಆಟಗಾರರ ಹಂಚಿಕೆ. ಕಳೆದ ಸಲ ಕೊನೆಗೆ ಬಿದ್ದ ತಂಡವೇ ಮೊದಲು ಆರಿಸಬೇಕೆಂಬುದು ನಿಯಮ, ಹಾಗಾಗಿ ರಾಬರ್ಟಾಗೆ ಮೊದಲ ಆಯ್ಕೆ. ಇನ್ನೊಮ್ಮೆ ಎಡವಿದರೆ ಅವಳ ಕುರ್ಚಿ ಹೋಯಿತೆಂದೇ ಲೆಕ್ಕ. ಸಾಲದ್ದಕ್ಕೆ ಎರಡನೇ ಆಯ್ಕೆ ಎದುರಾಳಿ ತಂಡ ನಡೆಸುವ ಅವಳ ಮಾಜಿ ಗಂಡ ಹೋಲ್ಟ್‌ನದು. ಅವಳು ಟೋಬಿನ್‌ನನ್ನು ಬಿಟ್ಟರೆ ಬಾಚಿಕೊಳ್ಳಲು ಅವನು ಕಾದು ಕೂತಿದ್ದ.

"ಸರಾಸರಿ ಸುಳ್ಳು ಹೇಳುತ್ತೆ, ಒಪ್ಕೋತೀನಿ," ವರ್ನ್ ಹೇಳಿದ. "ಹೊಡೆದ ಚೆಂಡು ಖಾಲಿ ಜಾಗದಲ್ಲಿ ಬಿದ್ರೆ ಅದೃಷ್ಟ. ಆದ್ರೆ ಚೆಂಡು ಬ್ಯಾಟ್‌ಗೆ ತಾಗೋದೂ ಅದೃಷ್ಟವಾ? ಮೊದ್ಲು ಹತ್ತು ಸಲ ಬೀಸಿದ್ರೆ ನಾಲ್ಕು ಗಾಳಿಗೆ ಹೋಗ್ತಿತ್ತು. ಈಗ ಒಂದು! ಕೆಟ್ಟ ಚೆಂಡಿಗಂತೂ ಬೀಸೋದನ್ನೇ ಬಿಟ್ಟಿದ್ದಾನೆ ಕಣಮ್ಮ. ಏನೋ ಬದಲಾಗಿದೆ."

"ಏನು ಬದಲಾಗಿದೆ?"

"ಅದೇ ತಲೆಗೆ ಹತ್ತುತ್ತಿಲ್ಲ. ಬ್ಯಾಟ್ ಅದೇ, ನಿಲ್ಲೋ ರೀತಿ ಅದೇ."

ರಾಬರ್ಟಾ ದನಿ ತಗ್ಗಿಸಿದಳು. "ಮಾತ್ರೆ ಗೀತ್ರೆ ತಗೋತಿದ್ದಾನಾ ಹುಡುಗ?"

"ನಮ್ಮಲ್ಲಿ ತಗೊಳ್ದೇ ಇರೋರು ಯಾರಿದ್ದಾರೆ ಹೇಳು!"

"ಓಟ?"

"ಅದೊಂದು ಕೇಳ್ಬೇಡ."

"ಮನೆಯವರು ಆಡೋಕೆ ಬಿಡ್ತಾರಾ?"

"ಆಟ ಬಿಡು ಅಂತ ಪ್ರಾಣ ತಿಂತಿದ್ರಂತೆ. ಈಗ ಅವ್ರೇ ಕಾರಲ್ಲಿ ತಂದು ಬಿಡ್ತಾರೆ."

"ಎಷ್ಟು ವರ್ಷ ನೆಚ್ಕೋಬಹುದು?"

ವರ್ನ್ ಕೆಮ್ಮಿದ. "ಈ ವರ್ಷದ್ದು ನೋಡು. ಅದರಾಚೆ ನಾನು ಯಾರ ಲೆಕ್ಕಾನೂ ಹಾಕಲ್ಲ."

ರಾಬರ್ಟಾ ಪರದೆಯ ಮೇಲೊಂದು ಕಡೆ ಬೆರಳಿಟ್ಟಳು. ಮೈ ಹತ್ತಿರದ ಚೆಂಡನ್ನು ಟೋಬಿನ್ ಚಚ್ಚಿ ಬಿಸಾಡುತ್ತಿದ್ದ. ದೂರದ್ದಕ್ಕೆ ಮಾತ್ರ ಇನ್ನೂ ತಡಕಾಡುತ್ತಿದ್ದ.

"ನೋಡಿದ್ಯಾ? ಸರಿಹೋಗಿರೋದು ಅರ್ಧ ಮಾತ್ರ! ಎಸೆಯೋರಿಗೆ ಇದು ಗೊತ್ತಾದ್ರೆ ಮುಗೀತು. ಹೋಲ್ಟ್ ಮೈದಾನದ ಮಧ್ಯೆ ನಿಂತು ಹಲ್ಲು ಕಿರೀತಾನೆ. ನಾನಂತೂ ಆ ಹಲ್ಲು ನೋಡ್ಲಾರೆ!"

"ಹಾಗಾದ್ರೆ ಅವನನ್ನೇ ಕೇಳೋಣ."

ಅದು ಇಬ್ಬರಿಗೂ ಮೊದಲೇ ಹೊಳೆದಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಬರ್ಟಾ ಕಣ್ಣೊರೆಸಿಕೊಂಡು ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಟೋಬಿನ್, ದಮ್ಮಯ್ಯ, ನಿಜ ಹೇಳು. ಏಪ್ರಿಲ್‌ನಲ್ಲಿ ನಿಂಗೆ ಏನಾಯ್ತು? ಅದು ಉಳಿಯುತ್ತಾ, ಹೋಗುತ್ತಾ?"

"ಉಳಿಯದೇ ಏನು?" ಟೋಬಿನ್ ಹೇಳಿದ. "ನನ್ನ ಎಪ್ಪತ್ತೊಂಬತ್ತನೇ ಹುಟ್ಟುಹಬ್ಬಕ್ಕೆ ಅಂತ ಮಗಳು ಎಡಗಣ್ಣಿನ ಪೊರೆ ತೆಗೆಸಿದ್ಲು. ಬಲಗಣ್ಣಿಂದು ಮುಂದಿನ ಮಂಗಳವಾರ."