ಜಾಗ ಖಾಲಿ

“ಅಷ್ಟನ್ನೂ ಸೆಲೆಕ್ಟ್ ಮಾಡು,” ಎಂದ ವಿಘ್ನೇಶ್ವರ.

ನಿಶ್ಚಿತಾಳ ಎಡಗೈಯ ಕಿರುಬೆರಳು ಆಗಲೇ ಮುರಿದಿತ್ತು. ಮೇಜಿನ ಅಂಚಿಗೆ ಒತ್ತಿ ಹಿಡಿದು, ಒಣ ಪುಳ್ಳೆ ಮುರಿಯುವ ಹಾಗೆ ಮುರಿದಿದ್ದ. ಕೂಗಿದರೆ ಕೇಳುವವರು ಯಾರೂ ಇರಲಿಲ್ಲ. ಮೆಣಸಿನ ಸಸಿಗಳೆಲ್ಲ ಕಾರಣ ತಿಳಿಯದೆ ಕರಟಿ ಹೋದ ಮೇಲೆ ಅವಳ ನರ್ಸರಿಗೆ ಕೆಲಸದವರು ಬರುತ್ತಿರಲಿಲ್ಲ. ಭಂಡಿಗಡಿಯ ರಸ್ತೆ ಅಲ್ಲಿಂದ ಅರ್ಧ ಮೈಲಿ.

ಒಂಬತ್ತು ದಿನಗಳ ಹಿಂದೆ ಇದೇ ಆಫೀಸ್ ಕೋಣೆಯ ನೆಲದ ಮೇಲೆ ಕಾವಲಿನ ರಂಗಪ್ಪ ತಲೆಯೊಡೆದು ಬಿದ್ದಿದ್ದ. ಕಾಲು ಜಾರಿರಬೇಕು ಎಂದುಕೊಂಡರು ಎಲ್ಲರೂ. ಅವನಿಗೆ ಪ್ರಜ್ಞೆ ಬರಲೇ ಇಲ್ಲ; ಆಸ್ಪತ್ರೆಯ ಓಡಾಟದಲ್ಲಿ ನಿಶ್ಚಿತಾಳಿಗೆ ಬೇರೆ ಯೋಚನೆಯೇ ಬಂದಿರಲಿಲ್ಲ. ನಿನ್ನೆ ಶಿವಮೊಗ್ಗದ ಡಾಕ್ಟರು, ಇದು ಬಿದ್ದ ಗಾಯವಲ್ಲ, ಹೊಡೆದ ಗಾಯ ಎಂದರು. ಆಗ ಅವಳಿಗೆ ಗೋಡೆಯ ಮೇಲಿನ ಕ್ಯಾಮೆರಾ ನೆನಪಾಯಿತು. ಅದು ಹಿಡಿದದ್ದೆಲ್ಲ ಈ ಲ್ಯಾಪ್‌ಟಾಪಿನಲ್ಲಿ ಕೂರುತ್ತಿತ್ತು. ತೆರೆದು ನೋಡಿದರೆ ಡಿಸ್ಕ್ ಪೂರ್ತಿ ತುಂಬಿ, ಒಂದು ವಿಡಿಯೋವೂ ಓಡಲಿಲ್ಲ. ಠಾಣೆಗೆ ಫೋನ್ ಮಾಡಿದಳು. ನಾಳೆ ಸಂಜೆ ಬಂದು ನೋಡುತ್ತೇವೆ ಎಂದರು. ಆ ಮಾತು ಹೋಟೆಲಿನ ಬೆಂಚುಗಳನ್ನು ದಾಟಿ ಪಕ್ಕದ ಊರು ನಾರ್ವೆ ಮುಟ್ಟಲು ಒಂದು ರಾತ್ರಿ ಸಾಕಾಯಿತು. ನಾರ್ವೆಯಲ್ಲಿ ವಿಘ್ನೇಶ್ವರನದೂ ಒಂದು ನರ್ಸರಿ ಇತ್ತು.

“ವಿಘ್ನೇಶಣ್ಣ, ಲ್ಯಾಪ್‌ಟಾಪೇ ತಗೊಂಡು ಹೋಗಿ. ನನ್ನ ಕೈಲಿ ಅಳಿಸಬೇಡಿ.”

“ತಗೊಂಡು ಹೋದ್ರೆ ಯಾರು ಅಂತ ಹುಡುಕ್ತಾರೆ ಮಾರಾಯ್ತಿ. ಜಾಗ ಇರ್ಲಿಲ್ಲ, ಅಳಿಸಿದೆ ಅಂತ ನೀನೇ ಹೇಳಿದ್ರೆ ಯಾರೂ ಕೇಳಲ್ಲ.”

ಪರದೆಯ ಮೇಲೆ ಕ್ಯಾಮೆರಾದ ಕಿಟಕಿ ಕಪ್ಪಾಗಿತ್ತು. ‘ರೆಕಾರ್ಡಿಂಗ್ ನಿಂತಿದೆ’ ಎಂದು ಕೆಂಪು ಅಕ್ಷರ. ಅವನು ಒಳಗೆ ಬಂದವನೇ ಮೊದಲು ನೋಡಿದ್ದು ಅದನ್ನೇ. ಓದಿ, ಸಮಾಧಾನದಿಂದ ತಲೆಯಾಡಿಸಿದ್ದ. ಆಮೇಲೆಯೇ ಬಾಗಿಲ ಚಿಲಕ ಹಾಕಿದ್ದು.

ನಿಶ್ಚಿತಾ ಕೈ ಅಲ್ಲಾಡಿಸಲಿಲ್ಲ. ಹದಿನಾಲ್ಕು ವರ್ಷ ಅವಳ ಜೊತೆ ದುಡಿದ ಮನುಷ್ಯ ರಂಗಪ್ಪ. ಅವನ ಪರವಾಗಿ ಮಾತಾಡಬಲ್ಲದ್ದು ಜಗತ್ತಿನಲ್ಲಿ ಇದೊಂದೇ.

ವಿಘ್ನೇಶ್ವರ ಅವಳ ಕೂದಲು ಹಿಡಿದು ಹಣೆಯನ್ನು ಮೇಜಿಗೆ ಬಡಿದ. ಒಮ್ಮೆ. ಇನ್ನೊಮ್ಮೆ. ಕಣ್ಣಿಗೆ ರಕ್ತ ಇಳಿಯಿತು. ಅವಳು ಆಗಲೂ ಒಪ್ಪಲಿಲ್ಲ.

“ನಿನ್ನ ಮಗಳು ಅಮೂಲ್ಯಾನ ಶಾಲೆ ವ್ಯಾನು ನಾಲ್ಕೂವರೆಗೆ ಅಲ್ವಾ?” ಎಂದ ಅವನು ಮೆಲ್ಲಗೆ. “ಕ್ರಾಸಿಂದ ಇಲ್ಲಿವರೆಗೆ ಕೂಸು ಒಂದೇ ನಡ್ಕೊಂಡು ಬರುತ್ತೆ.”

ನಿಶ್ಚಿತಾ ಡಿಲೀಟ್ ಒತ್ತಿದಳು.

ಸಾವಿರಾರು ಫೈಲುಗಳು. ಹಸಿರು ಪಟ್ಟಿ ಆಮೆಯಂತೆ ತೆವಳಿತು. “ರಿಸೈಕಲ್ ಬಿನ್ನೂ ಖಾಲಿ ಮಾಡು,” ಎಂದ. ಅದನ್ನೂ ಮಾಡಿದಳು. ತುಂಬಿ ಕೆಂಪಗಿದ್ದ ಡಿಸ್ಕಿನ ಪಟ್ಟಿ ನೀಲಿಯಾಯಿತು.

ವಿಘ್ನೇಶ್ವರ ಕುರ್ಚಿ ಎಳೆದುಕೊಂಡು ಕೂತ. ಕೆಲಸ ಮುಗಿದವನ ಹಾಗೆ ಬೆವರು ಒರೆಸಿಕೊಂಡ. ಈಗ ಅವನಿಗೆ ಮಾತು ಬೇಕಾಗಿತ್ತು.

“ಅವನಿಗೆ ಹೇಳಿದ್ದೆ, ಕಂಡದ್ದು ಮರೆತುಬಿಡು ರಂಗಪ್ಪ ಅಂತ. ನಾನು ನಿನ್ನ ಸಸಿಗೆ ಹೊಡೆದ ಕಳೆನಾಶಕದ ಕ್ಯಾನು ಹಿಡ್ಕೊಂಡು ಬಿಡ್ಲೇ ಇಲ್ಲ. ನಿಶ್ಚಿತಮ್ಮಂಗೆ ತೋರಿಸ್ತೀನಿ ಅಂತ ಇಲ್ಲಿಗೇ ಎಳ್ಕೊಂಡು ಬಂದ.” ಮೂಲೆಯಲ್ಲಿದ್ದ, ಗುಂಡಿ ತೆಗೆಯುವ ಹಾರೆಯನ್ನು ಎತ್ತಿಕೊಂಡ. “ಎರಡೇ ಪೆಟ್ಟು. ಹೀಗೆ.”

ಹಾರೆ ಅವಳ ಭುಜದ ಮೇಲೆ ಬಿತ್ತು. ಮೂಳೆ ಮುರಿದ ಶಬ್ದ ಅವಳಿಗೇ ಕೇಳಿಸಿತು. ನೆಲಕ್ಕೆ ಕುಸಿದವಳ ಪಕ್ಕೆಗೆ ಒದ್ದ. ಮತ್ತೆ ಒದ್ದ.

“ಮೆಟ್ಟಿಲಿಂದ ಬಿದ್ದೆ ಅಂತ ಹೇಳು. ತಿಂಗಳೊಳಗೆ ಈ ಜಾಗ ಖಾಲಿ ಮಾಡು.”

ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದ.

ಐದೂವರೆಗೆ ಎಸ್‌ಐ ಮಹೇಶ್ವರ ಮತ್ತು ಕಾನ್‌ಸ್ಟೆಬಲ್ ಕಾವ್ಯ ಬಂದಾಗ ನಿಶ್ಚಿತಾ ಗೋಡೆಗೊರಗಿ ಕೂತಿದ್ದಳು. ಬಿಕ್ಕುತ್ತಿದ್ದ ಮಗಳು ಅವಳ ಸೆರಗು ಬಿಟ್ಟಿರಲಿಲ್ಲ.

“ಮೆಟ್ಟಿಲಿಂದ ಬಿದ್ದೆ,” ಎಂದಳು. “ಜಾಗ ಇರಲಿಲ್ಲ ಸಾರ್. ವಿಡಿಯೋ ಎಲ್ಲ ಅಳಿಸಿಬಿಟ್ಟೆ.”

ಮಹೇಶ್ವರ ಅವಳ ಬೆರಳನ್ನು ನೋಡಿದ. ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದ. ಏನಾದರೂ ವಾಪಸು ತರಬಹುದೇ ನೋಡು ಎಂದು ಕಾವ್ಯಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದ.

ಅಷ್ಟರಲ್ಲಿ ನಿಶ್ಚಿತಾಳ ಫೋನ್ ಬಡಿದುಕೊಂಡಿತು. ರಂಗಪ್ಪನ ಹೆಂಡತಿ ಭೈರಮ್ಮ, ಆಸ್ಪತ್ರೆಯಿಂದ.

“ಹೋಗ್ಬಿಟ್ರು ಕಣಮ್ಮಾ,” ಎಂದಳು ಭೈರಮ್ಮ. “ಈಗಷ್ಟೇ.”

ನಿಶ್ಚಿತಾ ಫೋನನ್ನು ಕೆಳಗಿಟ್ಟಳು. ಮಗಳ ತಲೆಯನ್ನು ಎದೆಗೊತ್ತಿಕೊಂಡು ಎಲ್ಲವನ್ನೂ ಹೇಳಿದಳು. ಹೆಸರು ಹೇಳಿದಳು. “ಈ ಕೈಯಿಂದಲೇ ಅಳಿಸಿದೆ ಸಾರ್. ರಂಗಪ್ಪಣ್ಣನ್ನ ಎರಡನೇ ಸಲ ನಾನೇ ಕೊಂದೆ.”

ಮಹೇಶ್ವರ ಟೋಪಿ ತೆಗೆದು ಮೇಜಿನ ಮೇಲಿಟ್ಟ. “ನಿಮ್ಮ ಮಾತು ನಾನು ನಂಬ್ತೀನಮ್ಮ. ಆದರೆ ಕೊಲೆ ಅವನದೇ ಅಂತ ತೋರಿಸೋಕೆ ಏನಿದೆ? ಅದೊಂದೇ ಇತ್ತು.”

“ಅದರಲ್ಲಿ ಇರಲೇ ಇಲ್ಲ ಸಾರ್,” ಎಂದಳು ಕಾವ್ಯ, ಪರದೆಯಿಂದ ಕಣ್ಣು ತೆಗೆಯದೆ. “ಡಿಸ್ಕ್ ತುಂಬಿ ಹನ್ನೊಂದು ದಿನ ಆಗಿದೆ. ರಂಗಪ್ಪಂಗೆ ಪೆಟ್ಟು ಬೀಳೋಕೆ ಎರಡು ದಿನ ಮೊದಲೇ ರೆಕಾರ್ಡಿಂಗ್ ನಿಂತುಹೋಗಿತ್ತು. ಅವನು ಅಳಿಸಿಸಿದ್ದು ಬರೀ ಸಸಿ, ಕೋಳಿ, ಬಂದು ಹೋದ ಜನ.”

ಅವಳು ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿ ಧ್ವನಿ ಹೆಚ್ಚಿಸಿದಳು. ಜಾಗ ಸಿಕ್ಕ ಕೂಡಲೇ, ಮೂರು ಗಂಟೆ ಹದಿನೆಂಟು ನಿಮಿಷಕ್ಕೆ, ಕ್ಯಾಮೆರಾ ತಾನಾಗಿಯೇ ಮತ್ತೆ ರೆಕಾರ್ಡಿಂಗ್ ಶುರು ಮಾಡಿತ್ತು. ಅದು ಮೊದಲು ಹಿಡಿದದ್ದು, ವಿಘ್ನೇಶ್ವರ ಕುರ್ಚಿ ಎಳೆದುಕೊಂಡು ಕೂತದ್ದನ್ನು.